‘ಕೆರೆಗೆ ಹಾರ’ ಗೀತೆಯ ಬೋಧನೆ: ತ್ಯಾಗವೋ, ಅನ್ಯಾಯವೋ?

ಜನಪದ ಗೀತೆಯು ವಾಡಿಕೆಯನ್ನು ಉಳಿಸುತ್ತದೆ. ಅದನ್ನು ಪ್ರಶ್ನಿಸಲೂ ಕಲಿಸುತ್ತದೆ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಲಾಗುತ್ತದೆ. ಅನಂತಪುರದ ಸಮೀಪದ ಬುಕ್ಕರಾಯಸಮುದ್ರದ ಕೆರೆಯ ಬಗೆಗೂ ತೆಲುಗಿನಲ್ಲಿ ಇಂತಹುದೇ ಕಥೆಯಿದೆ: ಒಡೆದ ಏರಿ ನಿಲ್ಲಲೆಂದು ಸೊಸೆ ಮುಸಲಮ್ಮ ಪ್ರಾಣ ತೆತ್ತಳು. ಬರಗಾಲವನ್ನು ಬಲ್ಲ ಹಿಂದೂಪುರ, ಕಲ್ಯಾಣದುರ್ಗಗಳ ಮಕ್ಕಳಿಗೆ ಎರಡೂ ಕಥೆಗಳು ಹತ್ತಿರದವು.

ತರಗತಿ ಚಟುವಟಿಕೆ: ಗೀತೆಯನ್ನು ಹಾಡಿಸಿದ ಬಳಿಕ ಶಿಕ್ಷಕರು ಈ ಪ್ರಶ್ನೆಗಳನ್ನು ಚರ್ಚೆಗೆ ಇಡಬೇಕು.

1. ಬಲಿಯನ್ನು ನಿರ್ಧರಿಸಿದವರು ಯಾರು?
2. ಕಿರಿಯ ಸೊಸೆಯೇ ಏಕೆ?
3. ಮನೆಯ ಕಷ್ಟಕ್ಕೆ ಇಂದು ಶಾಲೆ ಬಿಡುವವರು ಯಾರು?

ಭಾಗೀರಥಿಯ ತ್ಯಾಗವನ್ನು ಹೊಗಳಿಯೇ ಪಾಠ ಮುಗಿಸಿದರೆ ಹಳೆಯ ವಾಡಿಕೆಯನ್ನೇ ಮತ್ತೆ ಕಲಿಸಿದಂತಾಗುತ್ತದೆ. ಮೂರನೆಯ ಪ್ರಶ್ನೆಗೆ ಮಕ್ಕಳು ತಮ್ಮ ಊರಿನಿಂದಲೇ ಉತ್ತರ ಹುಡುಕಿದಾಗ ಸಾಮಾಜಿಕ ಬದಲಾವಣೆಯ ಮೊದಲ ಹೆಜ್ಜೆ ತರಗತಿಯಲ್ಲಿಯೇ ಮೂಡುತ್ತದೆ.