ಬಯಲಿನ ಚಹಾಕೂಟ



ಚಹಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮುಂಜಾವಿನ ಒಲೆ, ಕುದಿಯುವ ಹಾಲು, ಬಂದವರ ಮುಂದೆ ಇಡುವ ಕಪ್ಪು-ಬಸಿ. ಆದರೆ ಚಹಾ ಕುಡಿಯುವುದನ್ನೇ ಒಂದು ಶಿಸ್ತಾಗಿ, ಒಂದು ಕಲೆಯಾಗಿ ಬೆಳೆಸಿದ ದೇಶವೊಂದಿದೆ. ಅದು ಜಪಾನ್. ಆ ಕಲೆಯ ಒಂದು ಸರಳ ರೂಪ ಗೋಡೆ ಮಾಡುಗಳಿಲ್ಲದ ಬಯಲಿನಲ್ಲಿ ನಡೆಯುತ್ತದೆ. ಅದನ್ನು 'ನೊದಾತೆ' ಎಂದು ಕರೆಯುತ್ತಾರೆ. 'ನೊ' ಎಂದರೆ ಬಯಲು. 'ತಾತೆ' ಎಂದರೆ ಚಹಾ ಕಡೆದು ಸಿದ್ಧಪಡಿಸುವುದು. ಈ ಪದ್ಧತಿಯ ಹಿನ್ನೆಲೆಯನ್ನೂ, ಅದರಿಂದ ನಾವು ಕಲಿಯಬಹುದಾದುದನ್ನೂ ಈ ಪಾಠದಲ್ಲಿ ನೋಡೋಣ.

ಚಹಾ ಜಪಾನಿಗೆ ಬಂದ ಬಗೆ

ಚಹಾದ ಮೂಲ ಚೀನಾ. ಏಯ್ಸಾಯ್ ಎಂಬ ಬೌದ್ಧ ಭಿಕ್ಷು 1191ರಲ್ಲಿ ಚೀನಾದಿಂದ ಮರಳುವಾಗ ಚಹಾದ ಬೀಜಗಳನ್ನು ತಂದನೆಂದು ಪ್ರತೀತಿ. ಚಹಾದಿಂದ ಆರೋಗ್ಯಕ್ಕಾಗುವ ಲಾಭಗಳನ್ನು ಕುರಿತು ಅವನು 1211ರಲ್ಲಿ ಒಂದು ಗ್ರಂಥವನ್ನೂ ಬರೆದನು. ಧ್ಯಾನಕ್ಕೆ ಕುಳಿತ ಭಿಕ್ಷುಗಳಿಗೆ ನಿದ್ದೆ ಬಾರದಿರಲೆಂದು ಚಹಾ ಕುಡಿಯುವ ರೂಢಿ ಬೆಳೆಯಿತು. ಈ ಚಹಾ ನಮ್ಮದರಂತೆ ಹಾಲು ಸಕ್ಕರೆ ಹಾಕಿ ಕುದಿಸಿದ್ದಲ್ಲ. ಹಸಿರು ಎಲೆಗಳನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ಕಲ್ಲಿನಲ್ಲಿ ನುಣ್ಣಗೆ ಬೀಸಿ ಪುಡಿ ಮಾಡುತ್ತಾರೆ. ಬಟ್ಟಲಿಗೆ ಆ ಪುಡಿ ಹಾಕಿ, ಬಿಸಿನೀರು ಸುರಿದು, ಬಿದಿರಿನ ಚಿಕ್ಕ ಕಡೆಗೋಲಿನಿಂದ ನೊರೆ ಬರುವಂತೆ ಕಡೆಯುತ್ತಾರೆ. ರುಚಿ ತುಸು ಕಹಿ. ಆದ್ದರಿಂದ ಮೊದಲು ಒಂದು ಸಿಹಿ ತಿನಿಸು, ಬಳಿಕ ಚಹಾ.

ರಿಕ್ಯೂ ಎಂಬ ಗುರು

ಈ ಕಲೆಗೆ ಸರಳತೆಯ ಮೆರುಗು ಕೊಟ್ಟವನು ಸೆನ್ ನೊ ರಿಕ್ಯೂ. ಇವನು 1522ರಲ್ಲಿ ಸಕಾಯ್ ಎಂಬ ವ್ಯಾಪಾರದ ಪಟ್ಟಣದಲ್ಲಿ ವರ್ತಕರ ಮನೆಯಲ್ಲಿ ಹುಟ್ಟಿದನು. ಶ್ರೀಮಂತರು ಬೆಲೆಬಾಳುವ ಚೀನೀ ಪಾತ್ರೆಗಳನ್ನು ಮೆರೆಸುತ್ತಿದ್ದ ಕಾಲದಲ್ಲಿ ಅವನು ಒರಟು ಮಣ್ಣಿನ ಬಟ್ಟಲನ್ನೂ ಬಿದಿರಿನ ಹೂದಾನಿಯನ್ನೂ ಬಳಸಿದನು. 1587ರಲ್ಲಿ ಅವನು ದೇಶದ ಆಳರಸನಾದ ಹಿದೆಯೋಶಿಯ ಜೊತೆಗೆ ದಕ್ಷಿಣದ ಕ್ಯೂಶೂ ದ್ವೀಪಕ್ಕೆ ಹೋಗಿದ್ದನು. ಅಲ್ಲಿ ಹಕೊಜಾಕಿಯ ಪೈನ್ ತೋಪಿನಲ್ಲಿ ಮರದ ಕೊಂಬೆಗೆ ಕೆಟಲಿಯನ್ನು ತೂಗುಬಿಟ್ಟು, ಉದುರಿದ ಪೈನ್ ಎಲೆಗಳನ್ನೇ ಉರಿಸಿ ನೀರು ಕಾಯಿಸಿ ಚಹಾ ಮಾಡಿದನೆಂದು ಹೇಳುತ್ತಾರೆ. ಬಯಲ ಚಹಾದ ಮಾತು ಬಂದಾಗಲೆಲ್ಲ ಈ ಪ್ರಸಂಗವನ್ನು ನೆನೆಯುವುದುಂಟು.

ಕಿತಾನೊ ಮಹಾಕೂಟ

ಅದೇ 1587ರ ನವೆಂಬರ್ 1ರಂದು ಕ್ಯೋತೊ ನಗರದ ಕಿತಾನೊ ದೇವಾಲಯದ ತೋಪಿನಲ್ಲಿ ಹಿದೆಯೋಶಿ ಒಂದು ದೊಡ್ಡ ಚಹಾಕೂಟವನ್ನು ಏರ್ಪಡಿಸಿದನು. ಇವನು ರೈತಾಪಿ ಮನೆಯಿಂದ ಬಂದು ದೇಶವನ್ನಾಳಿದವನು. ಅವನು ಹಾಕಿಸಿದ ಫಲಕಗಳಲ್ಲಿ ಯೋಧರು, ಪಟ್ಟಣಿಗರು, ರೈತರು, ಯಾರಾದರೂ ಬರಬಹುದೆಂದು ಬರೆದಿತ್ತು. ತರಬೇಕಾದುದು ಒಂದು ಕೆಟಲಿ, ಒಂದು ನೀರಿನ ಪಾತ್ರೆ, ಒಂದು ಬಟ್ಟಲು ಮಾತ್ರ. ಚಹಾ ಕೊಳ್ಳಲು ಶಕ್ತಿಯಿಲ್ಲದವರು ಹುರಿದ ಧಾನ್ಯದ ಹಿಟ್ಟನ್ನು ತಂದರೂ ಸಾಕು! ಕೂಡಲು ಒಳ್ಳೆಯ ಚಾಪೆ ಇಲ್ಲದಿದ್ದರೆ ಹುಲ್ಲಿನ ಚಾಪೆಯೂ ಆದೀತು.

ನೂರಾರು ಜನ ಮರಗಳ ಕೆಳಗೆ ತಮ್ಮ ತಮ್ಮ ಒಲೆ ಹೂಡಿದರು. ಹೆಚಿಕಾನ್ ಎಂಬ ಒಬ್ಬ ವಿಚಿತ್ರ ಮನುಷ್ಯ ದೊಡ್ಡ ಕೆಂಪು ಕೊಡೆಯೊಂದನ್ನು ನೆಟ್ಟು ಅದರಡಿಯಲ್ಲಿ ಚಹಾ ಮಾಡಿ ಆಳರಸನ ಮನಸ್ಸನ್ನೇ ಗೆದ್ದನೆಂಬ ಕಥೆಯುಂಟು. ಇಂದಿಗೂ ಜಪಾನಿನಲ್ಲಿ ಚೆರ್ರಿ ಹೂ ಬಿಟ್ಟಾಗ, ಶರತ್ಕಾಲದಲ್ಲಿ ಎಲೆ ಕೆಂಪಾದಾಗ ನಡೆಯುವ ಬಯಲ ಚಹಾಕೂಟಗಳಲ್ಲಿ ಕೆಂಪು ಕೊಡೆಯನ್ನು ಕಾಣಬಹುದು.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಹಿದೆಯೋಶಿ ಅದೇ ತೋಪಿನಲ್ಲಿ ತನ್ನ ಬಂಗಾರದ ತಗಡು ಹೊದಿಸಿದ ಚಹಾಕೋಣೆಯನ್ನೂ ನಿಲ್ಲಿಸಿದ್ದನು. ಕೂಟಕ್ಕೆ ಬಾರದವರು ಮುಂದೆಂದೂ ಚಹಾ ಮಾಡಕೂಡದೆಂಬ ಬೆದರಿಕೆಯೂ ಫಲಕದಲ್ಲಿತ್ತು. ಹತ್ತು ದಿನವೆಂದು ಸಾರಿದ್ದ ಕೂಟ ಒಂದೇ ದಿನಕ್ಕೆ ಮುಗಿಯಿತು. 1591ರಲ್ಲಿ ಅದೇ ಹಿದೆಯೋಶಿಯ ಅಪ್ಪಣೆಯಂತೆ ರಿಕ್ಯೂ ತನ್ನ ಪ್ರಾಣವನ್ನೇ ಕಳೆದುಕೊಳ್ಳಬೇಕಾಯಿತು. ಬಂಗಾರದ ಕೋಣೆ ಇಂದು ಉಳಿದಿಲ್ಲ. ರಿಕ್ಯೂನ ಸರಳ ಬಟ್ಟಲಿನ ಪದ್ಧತಿ ನಾಲ್ಕು ನೂರು ವರ್ಷ ದಾಟಿ ಬದುಕಿದೆ. ಯಾವುದು ಬಾಳುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಇಲ್ಲಿ ಮನಗಾಣಬೇಕು.

ನಮ್ಮ ಹೊಲದ ಪಂಕ್ತಿ

ಇದನ್ನೋದುವಾಗ ನಮ್ಮ ಭಾಗದ ಎಳ್ಳ ಅಮವಾಸ್ಯೆ ನೆನಪಾಗದೆ ಇರದು. ಅಂದು ಒಕ್ಕಲು ಮನೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಸಾಲಾಗಿ ಕೂತು ಉಣ್ಣುತ್ತಾರೆ. ಹೊಲವಿಲ್ಲದವರನ್ನೂ ಹಾದಿಯಲ್ಲಿ ಹೋಗುವವರನ್ನೂ "ಬರ್ರಿ, ಎರಡು ತುತ್ತು ಉಂಡು ಹೋಗ್ರಿ" ಎಂದು ಕರೆಯುತ್ತಾರೆ. ಈ ಕರೆಯಲ್ಲಿ ಬೆದರಿಕೆಯಿಲ್ಲ, ಬಂಗಾರವೂ ಇಲ್ಲ. ದೂರದ ಜಪಾನಿನ ಹುರಿದ ಹಿಟ್ಟೂ ನಮ್ಮ ಅಳ್ಳಿಟ್ಟೂ ಅಕ್ಕತಂಗಿಯರಂತೆ ಕಾಣುತ್ತವೆ.

ಶಾಲೆಯಲ್ಲಿ ಒಂದು ಬಯಲ ಕೂಟ

ಸಹಲಿಗೆ ದೂರದ ಊರಿಗೆ ಹೋಗುವುದಾದರೆ ಬಸ್ಸಿನ ಖರ್ಚು ಕೊಡಲಾಗದ ಮಕ್ಕಳು ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲಿ ಉಳಿಯುತ್ತಾರೆ. ಇದು ಪಾಲಕರಿಗೂ ಗೊತ್ತು, ಶಿಕ್ಷಕರಿಗೂ ಗೊತ್ತು. ಯಾರೂ ಹೊರಗುಳಿಯದ ಒಂದು ದಿನ ಬೇಕೆಂದರೆ ಬಯಲ ಚಹಾಕೂಟ ತಕ್ಕುದು. ಅದಕ್ಕೆ ಬೇಕಾದುದು ಇಷ್ಟೇ:

1. ನಡೆದು ಹೋಗುವಷ್ಟು ಹತ್ತಿರದ ಬೇವಿನ ಅಥವಾ ಹುಣಿಸೆಯ ನೆರಳು.

2. ಪ್ರತಿಯೊಬ್ಬರೂ ತಮ್ಮ ಮನೆಯಿಂದ ಒಂದು ಬಟ್ಟಲು ಅಥವಾ ಲೋಟ. ಹೊಸದು ಕೊಳ್ಳಬಾರದು.

3. ಕೂಡಲು ಗೋಣಿತಟ್ಟು ಅಥವಾ ಕಂಬಳಿ.

4. ಹಿಡಿ ಶೇಂಗಾ, ತುಣುಕು ಬೆಲ್ಲ. ಯಾರು ಏನು ತಂದರೂ ಒಂದೇ ಬುಟ್ಟಿಗೆ ಸುರಿಯಬೇಕು.

5. ಚಹಾ ಕುಡಿಯದ ಚಿಕ್ಕವರಿಗೆ ಬೆಲ್ಲ ಕಲಸಿದ ಅಳ್ಳಿಟ್ಟು.

ಮೂರು ಕಲ್ಲಿನ ಒಲೆ ಹೂಡುವುದಾದರೆ ಸುತ್ತಲಿನ ಒಣಹುಲ್ಲನ್ನು ಕಿತ್ತು, ಒಂದು ಕೊಡ ನೀರನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ದೊಡ್ಡವರು ಒಲೆಯ ಬಳಿಯೇ ಇರಬೇಕು. ಹೊರಡುವಾಗ ಕೆಂಡವನ್ನು ಪೂರ್ಣ ಆರಿಸಬೇಕು. ಕಸವನ್ನು ಮರಳಿ ತರಬೇಕು.

ಜಪಾನಿನ ಒಂದು ನಡವಳಿಕೆಯನ್ನೂ ಕಲಿಯೋಣ. ಅಲ್ಲಿ ಅತಿಥಿಯು ಬಟ್ಟಲು ಎತ್ತುವ ಮೊದಲು ಪಕ್ಕದವನಿಗೆ ಬಾಗಿ "ಒಸಾಕಿ ನಿ" ಎನ್ನುತ್ತಾನೆ. 'ನಿಮಗಿಂತ ಮೊದಲು ತೆಗೆದುಕೊಳ್ಳುತ್ತಿದ್ದೇನೆ, ಮನ್ನಿಸಿ' ಎಂದು ಅದರ ಭಾವ. ನಾವೂ ಒಬ್ಬರಿಗೊಬ್ಬರು ಚಹಾ ಹಾಕಿಕೊಡೋಣ. ತಾನೇ ಹಾಕಿಕೊಳ್ಳುವುದು ಬೇಡ. ಏಳನೆಯ ತರಗತಿಯವರಿಗೆ ಹತ್ತನೆಯವರು ಹಾಕಿಕೊಡಲಿ.

ವಿಚಾರ ಮಾಡಿರಿ

1. ಹಿದೆಯೋಶಿಯ ಕರೆಯಲ್ಲಿ ಮೆಚ್ಚತಕ್ಕದ್ದು ಯಾವುದು? ಮೆಚ್ಚಲಾಗದ್ದು ಯಾವುದು?

2. ಎಳ್ಳ ಅಮವಾಸ್ಯೆಯ ಹೊಲದ ಊಟವನ್ನು ನಿಮ್ಮ ಅಜ್ಜಿಯಿಂದ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.

3. ನಿಮ್ಮ ತರಗತಿಯಲ್ಲಿ ಸಹಲಿಗೆ ಬಾರದೆ ಉಳಿಯುವ ಗೆಳೆಯರನ್ನು ಅವರ ಮನಸ್ಸಿಗೆ ನೋವಾಗದಂತೆ ಹೇಗೆ ಕರೆಯುವಿರಿ?