‘ಉದಾಸೀನ’: ಪದಾರ್ಥ ಮತ್ತು ಪ್ರಯೋಗ

‘ಉದಾಸೀನ’ ಎಂಬ ಪದವನ್ನು ಕನ್ನಡಿಗರೆಲ್ಲರೂ ಬಳಸುತ್ತೇವೆ. ಆದರೆ ಎಲ್ಲರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಮೈಸೂರು ಕಡೆಯವರೂ ಮಂಗಳೂರು ಕಡೆಯವರೂ ತಮಿಳರ ನಡುವೆ ನೆರೆಹೊರೆಯಾಗಿ ಬಾಳುವ ವೇಲಚೇರಿಯಂಥ ಬಡಾವಣೆಯಲ್ಲಿ ಈ ಭೇದವನ್ನು ಅರಿತಿರುವುದು ಆರೋಗ್ಯದ ದೃಷ್ಟಿಯಿಂದಲೂ ಹಿತಕರ.

ಇದು ಸಂಸ್ಕೃತ ಶಬ್ದ. ‘ಉತ್’ ಎಂಬ ಉಪಸರ್ಗಕ್ಕೆ ‘ಆಸೀನ’ ಸೇರಿ ಆದುದು; ಯಾವ ಪಕ್ಷವನ್ನೂ ಹಿಡಿಯದೆ ದೂರ ಕುಳಿತವನೆಂದು ತಾತ್ಪರ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದಾಸೀನನೆಂದರೆ ತಟಸ್ಥನಾದ ಪ್ರಬಲ ಅರಸು. ಭಗವದ್ಗೀತೆಯ ೧೨ನೆಯ ಅಧ್ಯಾಯದಲ್ಲಿ ಅದು ಭಕ್ತನ ಲಕ್ಷಣಗಳಲ್ಲೊಂದು. ಕನ್ನಡದ ನಿತ್ಯವ್ಯವಹಾರದಲ್ಲಿ ಈ ಗೌರವ ಉಳಿಯಲಿಲ್ಲ. ‘ಉಪೇಕ್ಷೆ’ಗೂ ಇದೇ ಗತಿಯಾಯಿತು: ಬೌದ್ಧರಿಗೆ ಅದು ಸಮಚಿತ್ತ, ನಮಗೆ ಅಲಕ್ಷ್ಯ.

ಪ್ರಯೋಗದಲ್ಲಿ ಎರಡು ಬಗೆಗಳುಂಟು. ‘ಕಾಯಿಲೆಯನ್ನು ಉದಾಸೀನ ಮಾಡಬೇಡಿ’ ಎಂಬಲ್ಲಿ ಕಡೆಗಣಿಸುವುದೆಂದು ಅರ್ಥ. ತಮಿಳಿನ ‘ಉದಾಸೀನಂ’ ಕೂಡ ಇದೇ. ಕರಾವಳಿಯವರಾದರೋ ‘ನನಗೆ ಉದಾಸೀನ ಆಗುತ್ತದೆ’ ಎನ್ನುತ್ತಾರೆ. ಇಲ್ಲಿ ಅದು ಆಲಸ್ಯ, ಜಡತೆ, ಯಾವುದಕ್ಕೂ ಮನಸ್ಸಿಲ್ಲದಿರುವಿಕೆ. ‘ಮಾಡು’ ಎಂದಾಗ ಅದು ಒಬ್ಬರು ಎಸಗುವ ಕ್ರಿಯೆ. ‘ಆಗು’ ಎಂದಾಗ ತಾನಾಗಿ ಬಂದೊದಗುವ ಸ್ಥಿತಿ. ‘ನನಗೆ’ ಎಂಬ ಚತುರ್ಥೀ ವಿಭಕ್ತಿಯೇ ಇದಕ್ಕೆ ಸಾಕ್ಷಿ.

ಊರು ಬಿಟ್ಟು ಮಕ್ಕಳ ಬಳಿಗೆ ಬಂದ ಹಿರಿಯರು ‘ಉದಾಸೀನ’ ಎಂದಾಗ ಮನೆಯವರು ಅದನ್ನು ಸೋಮಾರಿತನವೆಂದು ಬಗೆಯಬಹುದು. ತಮಿಳು ವೈದ್ಯರಿಗೆ ಅಲಕ್ಷ್ಯವೆಂದು ಕೇಳಿಸಬಹುದು. ಒಂದೆರಡು ದಿನದ ಜಡತೆ ಸಹಜ. ಆದರೆ ಭಜನೆ, ಪತ್ರಿಕೆ, ಮೊಮ್ಮಕ್ಕಳ ಆಟ ಯಾವುದರಲ್ಲಿಯೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರ ಮುಂದುವರಿದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಥೈರಾಯ್ಡ್ ಗ್ರಂಥಿಯ ಸ್ರಾವ ಕುಂದಿದಾಗಲೂ, ಪಾರ್ಕಿನ್ಸನ್ ರೋಗದಲ್ಲಿಯೂ, ಮರೆವಿನ ರೋಗದ ಆರಂಭದಲ್ಲಿಯೂ ಇಂಥ ನಿರಾಸಕ್ತಿ ತಲೆದೋರುವುದುಂಟು. ಇವುಗಳಲ್ಲಿ ಯಾವುದೆಂದು ನಿರ್ಣಯಿಸಬೇಕಾದವರು ವೈದ್ಯರೇ. ಗದರಿಕೆಯಿಂದ ಯಾವುದೂ ಗುಣವಾಗದು.

ಆದುದರಿಂದ ವೈದ್ಯರಲ್ಲಿ ಬರಿಯ ಪದವನ್ನು ಒಪ್ಪಿಸದೆ ಸ್ಥಿತಿಯನ್ನು ವಿವರಿಸಬೇಕು: ಯಾವ ಕೆಲಸವನ್ನು ಬಿಟ್ಟಿದ್ದಾರೆ, ಎಂದಿನಿಂದ, ನಿದ್ರೆ ಹೇಗಿದೆ, ಹಸಿವು ಹೇಗಿದೆ, ತೂಕ ಬದಲಾಗಿದೆಯೇ, ಯಾವ ಔಷಧಿ ಸೇವಿಸುತ್ತಿದ್ದಾರೆ. ‘ಬದುಕು ಸಾಕು’ ಎಂಬ ಮಾತು ಬಂದರಂತೂ ತಡಮಾಡಬಾರದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ‘ಟೆಲಿ-ಮಾನಸ್’ ದೂರವಾಣಿ ಸೇವೆಯಲ್ಲಿ, ೧೪೪೧೬ ಸಂಖ್ಯೆಗೆ ಕರೆಮಾಡಿ, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಉಚಿತವಾಗಿ ಸಲಹೆ ಪಡೆಯಬಹುದು.

‘ಉದಾಸೀನ ಆಗುತ್ತದೆ’ ಎನ್ನುವವರನ್ನು ನಾವು ಉದಾಸೀನ ಮಾಡದಿರೋಣ.