ನಿಮ್ಮ ಮಾತಿಗೆ ಇನ್ನೊಬ್ಬರ ಸಾಕ್ಷಿ

ಮನೆಯಲ್ಲೇ ಉಪ್ಪಿನಕಾಯಿ, ಜೇನುತುಪ್ಪ, ಸಾರಿನ ಪುಡಿ ಮಾರುವವರೇ, ‘ನಮ್ಮದು ಶುದ್ಧ’ ಎಂದು ಎಷ್ಟು ದೊಡ್ಡದಾಗಿ ಬರೆದರೂ ಗಿರಾಕಿ ಅರ್ಧವಷ್ಟೇ ನಂಬುತ್ತಾರೆ. ಮಾರುವವರು ಇನ್ನೇನು ಹೇಳಿಯಾರು? ನಿಮ್ಮ ಮಾರಾಟದಿಂದ ಲಾಭವಿಲ್ಲದವರು ಹೇಳಿದರೆ ಮಾತಿಗೆ ತೂಕ.

ಆದರೆ ಆ ಸಾಕ್ಷಿ ಏನು ಹೇಳುತ್ತಿದೆ ಎಂಬುದು ಮೊದಲು ನಿಮಗೆ ಗೊತ್ತಿರಲಿ. ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ನೀವು ನೋಂದಣಿ ಅಥವಾ ಪರವಾನಗಿ ಪಡೆದಿದ್ದೀರಿ ಎನ್ನುತ್ತದೆ. ಒಳಗಿನ ಜೇನು ಶ್ರೇಷ್ಠ ಎನ್ನುವುದಿಲ್ಲ. ಗುಣಮಟ್ಟದ ದರ್ಜೆಗೆ ಇರುವುದು 1937ರ ಕಾಯ್ದೆಯಡಿಯ ಅಗ್‌ಮಾರ್ಕ್. ಒಂದನ್ನು ತೋರಿಸಿ ಇನ್ನೊಂದನ್ನು ಸಾಧಿಸಹೊರಟರೆ, ತಿಳಿದ ಗಿರಾಕಿಯ ಮುಂದೆ ಇದ್ದ ನಂಬಿಕೆಯೂ ಹೋಗುತ್ತದೆ. ಇದು ನನಗೆ ಬಹಳ ಬೇಸರ ತರುವ ಸಂಗತಿ, ಏಕೆಂದರೆ ಹಾಗೆ ಮಾಡುವವರ ಸರಕು ಎಷ್ಟೋ ಸಲ ನಿಜಕ್ಕೂ ಚೆನ್ನಾಗಿರುತ್ತದೆ.

ಗಿರಾಕಿಗಳ ಮೆಚ್ಚುಗೆಯಲ್ಲೂ ‘ಸೂಪರ್’ ಎಂಬ ಹತ್ತು ಮಾತಿಗಿಂತ ‘ವರ್ಷ ಕಳೆದರೂ ಮಾವಿನಮಿಡಿ ಮೆತ್ತಗಾಗಿಲ್ಲ’ ಎಂಬ ಒಂದು ಮಾತು ಮೇಲು. ಹೇಳಿದವರ ಒಪ್ಪಿಗೆ ಪಡೆದು, ಹೆಸರು, ಊರಿನ ಸಮೇತ, ಒಂದಕ್ಷರವನ್ನೂ ತಿದ್ದದೆ ಹಾಕಿ. ಬಾಟಲಿ ಪುಕ್ಕಟೆ ಕೊಟ್ಟು ಬರೆಸಿದ್ದಾದರೆ ಅದನ್ನೂ ಹೇಳಿಬಿಡಿ. ಇಂಥ ಸಂಬಂಧವನ್ನು ಮುಚ್ಚಿಡಬಾರದೆಂದು ಕೇಂದ್ರದ 2022ರ ಜಾಹೀರಾತು ಮಾರ್ಗಸೂಚಿಯೂ ಹೇಳುತ್ತದೆ.